ಯಾರ ಎದೆಮಟ್ಟ?

ಎದೆಮಟ್ಟದಲ್ಲಿ ಸುತ್ತಳತೆ ಹತ್ತು ಅಡಿ ದಾಟಿದರೆ ಅದು ಪಾರಂಪರಿಕ ಮರ, ಯಾರೂ ಕೊಡಲಿ ಮುಟ್ಟಿಸುವಂತಿಲ್ಲ. ಹತ್ತಕ್ಕಿಂತ ಕಡಿಮೆಯಿದ್ದರೆ ಕಡಿಯಲು ಅಪ್ಪಣೆ. ನಿಯಮ ಹೇಳುವುದು ಇಷ್ಟೇ. ಯಾರ ಎದೆ ಎಂಬುದನ್ನು ಅದು ಹೇಳುವುದಿಲ್ಲ.

ಅದಕ್ಕೇ ಮರ ಕಡಿಯಲು ಅಪ್ಪಣೆ ಕೊಡುವ ಸಾಹೇಬ ಇಡೀ ಕಚೇರಿಯಲ್ಲಿ ಎಲ್ಲರಿಗಿಂತ ಉದ್ದನೆಯ ಗುಮಾಸ್ತನನ್ನು ಕರೆತಂದಿದ್ದ. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಸೊಸೆಗೆ ಇದು ಮೊದಲು ಹೊಳೆಯಲಿಲ್ಲ. ಹೊಳೆದದ್ದು ಅಂಗಡಿಯ ಮುಂದೆ ಅದೇ ಮರದ ನೆರಳಲ್ಲಿ ಕುರ್ಚಿಯ ಮೇಲೆ ಕೂತಿದ್ದ ಅತ್ತೆಗೆ. ಒಂದು ಕೈ, ಒಂದು ಕಾಲು ಸ್ವಾಧೀನದಲ್ಲಿಲ್ಲದ ಮುದುಕಿಗೆ ಬಾಯಿ ಮಾತ್ರ ಚೆನ್ನಾಗಿ ನಡೆಯುತ್ತಿತ್ತು.

"ಏನಪ್ಪಾ, ಮರ ಅಳೆಯೋಕೆ ಬಂದ್ಯೋ, ಹಕ್ಕಿಗೂಡು ಎಣಿಸೋಕೆ ಬಂದ್ಯೋ?"

ಗುಮಾಸ್ತ ನಕ್ಕುಬಿಟ್ಟ. ಸಾಹೇಬ ನಗದೆ, ಗುಮಾಸ್ತ ತನ್ನ ಎದೆಯ ಎತ್ತರಕ್ಕೆ ಹಿಡಿದ ಟೇಪನ್ನು ಓದಿದ. "ಒಂಬತ್ತು ಅಡಿ ಎಂಟು ಇಂಚು. ಬರ್ಕೊ."

ಸೊಸೆಯ ಕಾಲು ಪೆಡಲಿನ ಮೇಲೆ ನಿಂತಿತು. ಅಂಗಡಿಯ ಹಿಂದಿನ ಒಂದೇ ಕೋಣೆಗೆ ತಗಡಿನ ಸೂರು. ಹನ್ನೊಂದು ಗಂಟೆಗೆಲ್ಲ ಒಲೆಯಂತೆ ಕಾಯುತ್ತದೆ. ಈ ಮರ ಹೋದರೆ ಅತ್ತೆಯನ್ನು ಹಗಲಲ್ಲಿ ಕೂರಿಸಲು ಇನ್ನೊಂದು ಜಾಗವಿಲ್ಲ. ಪಕ್ಕದ ಹೊಸ ಮಳಿಗೆಯ ನಾಮಫಲಕ ಬೀದಿಗೆ ಕಾಣಬೇಕಂತೆ, ಅದಕ್ಕೆ ಈ ಅಳತೆ.

ಗೋಡೆಯ ಮೊಳೆಯಿಂದ ಎರಡು ಟೇಪು ಎಳೆದುಕೊಂಡಳು. ಒಂದೊಂದೂ ಅರವತ್ತು ಇಂಚು. ತುದಿಗೆ ತುದಿ ಕೂಡಿಸಿ ನಾಲ್ಕು ಹೊಲಿಗೆ ಹಾಕಿದಳು, ಸರಿಯಾಗಿ ಹತ್ತಡಿ. ಅದನ್ನು ಹಿಡಿದು ಮರದ ಬಳಿಗೆ ಬಂದಳು.

"ಅಮ್ಮಾ, ಇದೆಲ್ಲ ಆಗಲ್ಲ. ಅಳೆಯೋದು ನಮ್ಮ ಕೆಲಸ," ಎಂದ ಸಾಹೇಬ.

"ನಂದೂ ಅದೇ ಕೆಲಸ ಸಾರ್. ದಿನಾ ಹತ್ತು ಜನರ ಎದೆ ಅಳೀತೀನಿ. ಮರಾನ ಎತ್ತರಕ್ಕೆ ಹಿಡಿದ್ರೆ ಅಳತೆ ಕಮ್ಮಿ ಬರುತ್ತೆ ಅಂತ ನಂಗೊತ್ತು, ನಿಮಗೂ ಗೊತ್ತು."

ತನ್ನ ಎದೆಮಟ್ಟಕ್ಕೆ ಟೇಪಿನ ತುದಿಯನ್ನು ಗುಂಡುಸೂಜಿಯಿಂದ ತೊಗಟೆಗೆ ಚುಚ್ಚಿ, ಮರವನ್ನು ಸುತ್ತಿ ಬಂದು ಇನ್ನೊಂದು ತುದಿಯನ್ನೂ ಚುಚ್ಚಿದಳು. ಎರಡು ತುದಿಗಳು ಕೂಡಲಿಲ್ಲ. ನಡುವೆ ನಾಲ್ಕು ಬೆರಳಿನಷ್ಟು ತೊಗಟೆ ಬರಿದಾಗಿ ಕಾಣುತ್ತಿತ್ತು.

"ನೋಡಿ ಸಾರ್. ನೋಡಿ ಅಂದೆ! ಆಕಾಶ ಯಾಕೆ ನೋಡ್ತೀರಿ?"

"ನೀವು ಕುಳ್ಳಗಿದ್ದೀರಿ, ಅದಕ್ಕೆ."

"ಹಾಗಾದ್ರೆ ಉದ್ದ ಇರೋರಿಗೆ ಒಂದು ಕಾನೂನು, ಕುಳ್ಳರಿಗೆ ಒಂದಾ?"

ಸಾಹೇಬ ಮಹಜರಿನ ಹಾಳೆಯನ್ನು ಅವಳ ಮುಂದೆ ಚಾಚಿದ. ಅಕ್ಕಪಕ್ಕದ ಇಬ್ಬರು ಅಳತೆ ಕಂಡೆವೆಂದು ರುಜು ಹಾಕಬೇಕು. ಸೈಕಲ್ ರಿಪೇರಿಯವನು ಆಗಲೇ ಗೀಚಿ, ತಲೆ ತಗ್ಗಿಸಿ ಟ್ಯೂಬು ಉಜ್ಜುತ್ತಿದ್ದ.

ಅವಳು ಪೆನ್ನು ಇಸಿದುಕೊಂಡಳು. ರುಜು ಹಾಕಿದಳು. ಗುಮಾಸ್ತನನ್ನು ಕಣ್ಣಲ್ಲೇ ಅಳೆದು ಅದರ ಕೆಳಗೆ ದಪ್ಪಕ್ಷರದಲ್ಲಿ ಬರೆದಳು: 'ಅಳೆದವರ ಎತ್ತರ ಆರಡಿ ನಾಲ್ಕಿಂಚು. ನನ್ನ ಎತ್ತರ ನಾಲ್ಕಡಿ ಹತ್ತಿಂಚು. ನನ್ನ ಎದೆಮಟ್ಟದಲ್ಲಿ ಮರ ಹತ್ತಡಿ ದಾಟಿದೆ.'

ಸಾಹೇಬನ ಮುಖ ಕೆಂಪೇರಿತು. "ಹಾಳೆ ಕೆಡಿಸಿದ್ಯಲ್ಲ!" ಎಂದು ಏಕವಚನಕ್ಕಿಳಿದವನೇ ಅದನ್ನು ಪರ್ರನೆ ಹರಿದು ಮಡಚಿ ಜೇಬಿಗೆ ತುರುಕಿದ. "ಏಯ್ ಸೈಕಲ್, ಬಾ ಇಲ್ಲಿ. ಹೊಸದಕ್ಕೆ ಹಾಕು."

ಸೈಕಲಿನವನು ಕೈ ಒರೆಸಿಕೊಂಡ. ಸೊಸೆಯ ಕಡೆ ಒಮ್ಮೆ, ಟೇಪಿನ ಆ ನಾಲ್ಕು ಬೆರಳಿನ ಸಂದಿನ ಕಡೆ ಒಮ್ಮೆ ನೋಡಿದ. "ಹಾಕಿದ್ನಲ್ಲ ಸಾರ್, ನೀವೇ ಹರಿದ್ರಿ. ಇನ್ನೊಂದ್ಸಲ ಹಾಕಲ್ಲ."

"ಮುಂದಿನ ವಾರ ಬರ್ತೀನಿ, ನೋಡ್ಕೋತೀನಿ ನಿಮ್ಮನ್ನ."

"ಬಾರಪ್ಪ, ಇವನಿಗಿಂತ ಉದ್ದದೋನು ಸಿಗೋದು ಕಷ್ಟ," ಎಂದಳು ಅತ್ತೆ.

ಗುಮಾಸ್ತ ಮತ್ತೆ ನಕ್ಕ. ಸೊಸೆಗೆ ನಗು ಬರಲಿಲ್ಲ. ಒಂದು ವಾರ, ಅಷ್ಟೇ ಸಿಕ್ಕಿದ್ದು. ಜೀಪು ತಿರುವು ದಾಟುವ ಮೊದಲೇ ಅರ್ಧ ಹೊಲಿದ ರವಿಕೆಯನ್ನು ಪಕ್ಕಕ್ಕೆ ತಳ್ಳಿ, ಕತ್ತರಿಸುವ ಮೇಜಿನ ಮೇಲೆ ಬಿಳಿ ಹಾಳೆ ಹಾಸಿದಳು. ಕಚೇರಿಗೆ ಅರ್ಜಿ: 'ನಿಯಮದಲ್ಲಿರುವ ಎದೆಮಟ್ಟ ನೆಲದಿಂದ ಎಷ್ಟು ಇಂಚು? ಅಂಕಿಯಲ್ಲಿ ಬರೆದುಕೊಡಿ. ಬರೆದುಕೊಡುವವರೆಗೆ ಮರ ಮುಟ್ಟಬೇಡಿ.' ಅಂಕಿ ಎಂಬಲ್ಲಿ ಪೆನ್ನು ಎಷ್ಟು ಒತ್ತಿತೆಂದರೆ ಹಾಳೆ ತೂತಾಯಿತು.

ಇನ್ನೊಂದು ಹಾಳೆ ತೆಗೆದು ಮೊದಲಿಂದ ಬರೆಯತೊಡಗಿದಳು.