ಗಲ್ಲ ಸ್ವಲ್ಪ ಎಡಕ್ಕೆ

ಕೆರೆ ದಂಡೆಯ ಆ ಹಳೆಯ ಬಂಗಲೆಯಲ್ಲಿ ಎಷ್ಟು ಮದುವೆಗಳ ಫೋಟೋ ತೆಗೆದಿದ್ದಳೋ, ಫೋಟೋ ಅಕ್ಕನಿಗೇ ಲೆಕ್ಕ ತಪ್ಪಿತ್ತು. ಯಾವ ತಿಂಗಳಲ್ಲಿ ಯಾವ ಕಿಟಕಿಗೆ ಬಿಸಿಲು ಬೀಳುತ್ತದೆ, ಯಾವ ಮೆಟ್ಟಿಲ ಮೇಲೆ ನಿಲ್ಲಿಸಿದರೆ ಕುಳ್ಳ ವರ ಎತ್ತರ ಕಾಣುತ್ತಾನೆ, ಕಲ್ಲಿನ ಕಮಾನಿನ ಯಾವ ಮಗ್ಗುಲಲ್ಲಿ ಪಾರಿವಾಳಗಳು ಹಿಕ್ಕೆ ಹಾಕುತ್ತವೆ, ಎಲ್ಲವೂ ಅಂಗೈಗೆರೆಯಷ್ಟು ಪರಿಚಯ. ಒಂದು ಕಾಲದಲ್ಲಿ ಆ ಕಮಾನಿನ ಕೆಳಗೆ ಹೊಸ ಜೋಡಿಯೊಂದು ಬಂದು ನಿಂತರೆ ಅವಳ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಈಗ ಜುಮ್ಮೆನ್ನುವುದು ಎಡ ಭುಜ ಮಾತ್ರ. ಕ್ಯಾಮೆರಾ ಚೀಲದ ಪಟ್ಟಿ ಅಲ್ಲೊಂದು ಗುಳಿಯನ್ನೇ ತೋಡಿತ್ತು.

ವ್ಯಾನು ಓಡಿಸುವುದು, ಲೈಟು ಹೊರುವುದು, ರಚ್ಚೆ ಹಿಡಿದ ಮಕ್ಕಳನ್ನು ನಗಿಸುವುದು ಎಲ್ಲ ಅವಳ ತಮ್ಮನ ಪಾಲಿನ ಕೆಲಸ. ತಲೆ ಅರ್ಧ ಬೋಳಾದ ಅವನಿಗೆ ಮದುವೆ ಮನೆಯವರು ಬಲ್ಬಣ್ಣ ಎಂದು ಹೆಸರಿಟ್ಟಿದ್ದರು. ಲೈಟಿನಿಂದ ಬಂದ ಹೆಸರೋ ತಲೆಯಿಂದ ಬಂದದ್ದೋ ಎಂದು ಅವನು ಯಾರನ್ನೂ ಕೇಳಲು ಹೋಗಿರಲಿಲ್ಲ.

"ಅಕ್ಕಾ, ಇವತ್ತು ಅಡುಗೆಯವರು ಹೊಸಬರಂತೆ," ಎಂದ, ವ್ಯಾನಿನಿಂದ ಸ್ಟ್ಯಾಂಡುಗಳನ್ನು ಇಳಿಸುತ್ತ. "ಊಟ ಸರಿ ಇಲ್ಲ ಅಂದ್ರೆ, ಎಲ್ಲರೂ ಕಣ್ಣು ಮುಚ್ಚಿರೋ ಫೋಟೋನೇ ಆರಿಸಿ ಕೊಟ್ಬಿಡ್ತೀನಿ."

"ನಿನ್ನ ಬಾಯಿಗೆ ಬೀಗ ಹಾಕಿ ಆ ತಂತಿ ಬಿಚ್ಚು," ಎಂದು ಅವಳು ಮಹಡಿ ಹತ್ತಿದಳು. ಅರ್ಧ ಮೆಟ್ಟಿಲಿಗೇ ಮಂಡಿ ಗೊಣಗತೊಡಗಿತು.

ಮಹಡಿಯ ಮೂಲೆಯ ಕೋಣೆಯಲ್ಲಿ ಮದುವಣಗಿತ್ತಿಯನ್ನು ಕೂರಿಸಿದ್ದರು. ಎಳೆ ಹುಡುಗಿಯಲ್ಲ, ಮೂವತ್ತು ದಾಟಿದ ಹೆಂಗಸು. ಕೂದಲು ಕಟ್ಟುವವಳು ಬಾಯಲ್ಲಿ ಪಿನ್ನು ಕಚ್ಚಿಕೊಂಡು ಅವಳ ಹಿಂದೆ ನಿಂತಿದ್ದಳು. ಫೋಟೋ ಅಕ್ಕ ಪರದೆ ಸರಿಸಿ, ಕ್ಯಾಮೆರಾ ಎತ್ತಿ, ವರ್ಷಗಳಿಂದ ನಾಲಿಗೆಯ ತುದಿಯಲ್ಲೇ ಕೂತಿದ್ದ ಮಾತನ್ನು ಉದುರಿಸಿದಳು: "ಗಲ್ಲ ಸ್ವಲ್ಪ ಎಡಕ್ಕೆ. ಕಣ್ಣು ಕಿಟಕಿ ಕಡೆ."

ಮದುವಣಗಿತ್ತಿ ನಕ್ಕಳು. "ಹೋದ ಸಲನೂ ಇದನ್ನೇ ಹೇಳಿದ್ರಿ ಅಕ್ಕ."

"ಹೋದ ಸಲ?"

ಮದುವಣಗಿತ್ತಿ ಕೂದಲು ಕಟ್ಟುವವಳನ್ನು ಕಾಫಿ ತರುವ ನೆಪದಲ್ಲಿ ಕೆಳಗೆ ಕಳಿಸಿದಳು. "ಎಂಟು ವರ್ಷದ ಹಿಂದೆ ನನ್ನ ಮೊದಲನೇ ಮದುವೆಗೂ ನೀವೇ ಬಂದಿದ್ದು. ಇದೇ ಬಂಗಲೆ, ಇದೇ ಕೋಣೆ. ಬೆಳಗ್ಗೆಯೆಲ್ಲ ಅತ್ತು ಅತ್ತು ನನ್ನ ಮುಖ ಊದಿಕೊಂಡಿತ್ತು. ಈ ಮದುವೆ ನನಗೆ ಬೇಡ ಅಂತ ಯಾರ ಹತ್ರನೂ ಬಾಯಿ ಬಿಡೋಕೆ ಧೈರ್ಯ ಇರಲಿಲ್ಲ. ನೀವು ಒಳಗೆ ಬಂದು ಒಂದು ಸಲ ನೋಡಿದ್ರಿ. ಏನೂ ಕೇಳಲಿಲ್ಲ. ತಣ್ಣೀರಲ್ಲಿ ಬಟ್ಟೆ ಅದ್ದಿ ಕಣ್ಣ ಮೇಲಿಟ್ರಿ. ಆಮೇಲೆ ಗಲ್ಲ ಎಡಕ್ಕೆ ಅಂದ್ರಿ."

ಫೋಟೋ ಅಕ್ಕ ಎತ್ತಿದ್ದ ಕ್ಯಾಮೆರಾ ಇಳಿಸಿದಳು.

"ಫೋಟೋ ಎಷ್ಟು ಚೆನ್ನಾಗಿ ಬಂದಿತ್ತು ಅಂದ್ರೆ, ನೋಡಿದವರೆಲ್ಲ ಇಂಥಾ ನಗುಮುಖ ನಾವು ಕಂಡೇ ಇಲ್ಲ ಅಂದ್ರು. ಎರಡು ವರ್ಷಕ್ಕೆ ಆ ಮನೆ ಬಿಟ್ಟು ವಾಪಸ್ ಬಂದೆ. ಅಮ್ಮ ಆಲ್ಬಮ್ ತಂದು ಮುಂದಿಟ್ಟು, ಇಷ್ಟು ಖುಷಿಯಾಗಿದ್ದೆಯಲ್ಲೇ, ಈಗೇನು ಬಂತು, ಹೋಗಿ ಬಾಳು ಅಂದ್ರು. ವಾಪಸ್ ಹೋದೆ. ಇನ್ನೆರಡು ವರ್ಷ ಅಲ್ಲೇ ಇದ್ದೆ."

ಇದನ್ನೆಲ್ಲ ಅವಳು ಹೇಳಿದ್ದು ದೂರಿನ ದನಿಯಲ್ಲಲ್ಲ. ಹಳೇ ಕಾಯಿಲೆಯ ಕಥೆ ಹೇಳುವವರ ಹಾಗೆ ಹೇಳಿದಳು.

"ಅಮ್ಮನ ಮೇಲೆ ಸಿಟ್ಟಿಲ್ಲ. ಅವರಿಗೆ ಗೊತ್ತೇ ಇರಲಿಲ್ಲ ಪಾಪ, ಆವತ್ತು ಕೆಳಗೆ ನೆಂಟರ ಗಲಾಟೆಯಲ್ಲಿ ಮುಳುಗಿದ್ರು. ನಾನು ಅತ್ತಿದ್ದು ಗೊತ್ತಿದ್ದರೆ ಆಲ್ಬಮ್ ತೋರಿಸ್ತಾ ಇರಲಿಲ್ಲ. ನೋಡಿದವರು ಅಂದ್ರೆ ನೀವೊಬ್ಬರೇ. ಅದಕ್ಕೇ ಈ ಸಲ ನೀವೇ ಬೇಕು ಅಂತ ಹಟ ಹಿಡಿದೆ. ನೆನಪಿದೆ ಅಲ್ವಾ ಅಕ್ಕ?"

ಹೂಂ ಎಂದುಬಿಡುವುದು ಸುಲಭವಿತ್ತು. ಇಲ್ಲದ ನೆನಪನ್ನು ಇದೆ ಎಂದು ನಟಿಸಿ ಎಷ್ಟೋ ಅಜ್ಜಿಯರನ್ನು, ಮಾವಂದಿರನ್ನು ಅವಳು ಸಂತೋಷಪಡಿಸಿದ್ದಳು. ಆದರೆ ಈ ಮುಖದ ಎದುರು ಆ ಸುಳ್ಳು ಹೇಳಲಾಗಲಿಲ್ಲ. ತಣ್ಣೀರ ಬಟ್ಟೆಯನ್ನು ಅವಳು ಎಷ್ಟು ಹುಡುಗಿಯರ ಕಣ್ಣ ಮೇಲೆ ಇಟ್ಟಿರಲಿಲ್ಲ? ಮದುವೆ ದಿನ ಹುಡುಗಿ ಅಳುವುದು ಇದ್ದದ್ದೇ ಎಂದು ಕೈ ತೊಳೆದುಕೊಂಡದ್ದೂ ಅಷ್ಟೇ ಸಲ.

"ನೆನಪಿಲ್ಲ ಕಣಮ್ಮ," ಎಂದಳು.

ಮದುವಣಗಿತ್ತಿ ಜಾರಿದ ಹೂವನ್ನು ತಾನೇ ಮುಡಿಗೆ ಸಿಕ್ಕಿಸಿಕೊಂಡಳು. "ಹೋಗ್ಲಿ ಬಿಡಿ. ಎಷ್ಟು ಜನ ಅಂತ ನೆನಪಿಟ್ಕೋತೀರಿ."

"ಮತ್ತೆ ಇದೇ ಬಂಗಲೆ ಯಾಕೆ?"

"ಇವರ ಸೋದರತ್ತೆ ಹುಡುಕಿದ್ದು. ಬೇಡ ಅಂದ್ರೆ ಕಾರಣ ಹೇಳಬೇಕಾಗ್ತಿತ್ತು. ಕಾರಣ ಹೇಳಿ ಹೇಳಿ ನನಗೆ ಸಾಕಾಗಿದೆ. ಇವರು ಒಳ್ಳೆಯವರು ಅಕ್ಕ, ಎಲ್ಲಾ ಗೊತ್ತು ಇವರಿಗೆ. ಇವತ್ತು ಅಳು ಬರ್ತಾ ಇಲ್ಲ, ನಗುನೂ ಬರ್ತಾ ಇಲ್ಲ. ಸುಸ್ತಾಗಿದೆ, ಅಷ್ಟೇ. ನೀವು ನನ್ನ ಮುಖ ಸರಿ ಮಾಡೋಕೆ ಹೋಗ್ಬೇಡಿ."

ಕೆಳಗಿಳಿಯುವಾಗ ಮೆಟ್ಟಿಲ ಬುಡದಲ್ಲಿ ಮದುವಣಗಿತ್ತಿಯ ತಾಯಿ ಎದುರಾದಳು. ಸಣಕಲು ದೇಹದ, ಸೆರಗಿನ ತುದಿಯನ್ನು ಹಿಂಡುತ್ತಲೇ ಇರುವ ಹೆಂಗಸು. ಫೋಟೋ ಅಕ್ಕನ ಎರಡೂ ಕೈ ಹಿಡಿದುಕೊಂಡು, "ಹೋದ ಸಲ ಎಷ್ಟು ಚೆನ್ನಾಗಿ ತೆಗೆದಿದ್ರಿ ತಾಯಿ," ಎಂದವಳು ಕೂಡಲೇ ನಾಲಿಗೆ ಕಚ್ಚಿಕೊಂಡು ಸುತ್ತ ನೋಡಿದಳು. "ಈ ಸಲ ಅವಳ ಬಾಳು ನೆಟ್ಟಗಾದರೆ ಸಾಕು. ಫೋಟೋ ಹೇಗಾದರೂ ಬರಲಿ."

ಮದುವೆ ಮುಗಿದು ಎಲ್ಲರೂ ಕಮಾನಿನ ಹತ್ತಿರ ಬಂದಾಗ ವರನ ಸೋದರತ್ತೆ ಯಜಮಾನಿಕೆ ವಹಿಸಿಕೊಂಡಳು. ಜೋಡಿಯನ್ನು ಹಿಂದೆ ತಳ್ಳಿದಳು, ಮುಂದೆ ಎಳೆದಳು, ವರನ ಕಾಲರು ತಿದ್ದಿದಳು. ವರ ದನದ ಡಾಕ್ಟರು; ದೊಡ್ಡ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದ ಸಾಧು ಮನುಷ್ಯ.

"ಹುಡುಗಿ ನಗ್ತಾನೇ ಇಲ್ಲವಲ್ಲ," ಎಂದಳು ಸೋದರತ್ತೆ. "ನಗಿಸ್ರೀ. ಅದಕ್ಕೆ ತಾನೇ ನಿಮ್ಮನ್ನ ಕರೆಸಿರೋದು?"

ಬಲ್ಬಣ್ಣ ಅಭ್ಯಾಸಬಲದಿಂದ ಒಂದು ಜೋಕು ಹೇಳಲು ಬಾಯಿ ತೆರೆದ. ಅಕ್ಕ ಕಣ್ಣಲ್ಲೇ ಅವನನ್ನು ತಡೆದಳು.

"ನಗಬೇಕು ಅನಿಸಿದಾಗ ನಗ್ತಾರೆ ಅಮ್ಮ," ಎಂದಳು. "ನಾನು ಕಾಯ್ತೀನಿ."

"ಬೆಳಕು ಹೋಗಲ್ವಾ?"

"ಹೋದರೆ ಹೋಗಲಿ."

ಇಷ್ಟು ವರ್ಷದ ಕಸುಬಿನಲ್ಲಿ ಅವಳು ಬೆಳಕನ್ನು ಹೀಗೆ ಕೈ ಬಿಟ್ಟಿದ್ದು ಅದೇ ಮೊದಲು. ಸೋದರತ್ತೆ ಮುಖ ಗಂಟಿಕ್ಕಿ ಊಟದ ಕಡೆ ನಡೆದಳು. ವರ ಮದುವಣಗಿತ್ತಿಯ ಕಡೆ ಬಗ್ಗಿ, "ಕೂತ್ಕೊಳ್ಳೋಣ್ವಾ?" ಎಂದ. ಇಬ್ಬರೂ ಕಲ್ಲುಕಟ್ಟೆಯ ಮೇಲೆ ಕುಳಿತರು. ಅವಳು ಚಪ್ಪಲಿ ಬಿಚ್ಚಿ ಹಿಮ್ಮಡಿ ಒತ್ತಿಕೊಂಡಳು. ಅವಳು ನಗಲಿಲ್ಲ. ಫೋಟೋ ಅಕ್ಕ ಇದ್ದುದನ್ನು ಇದ್ದ ಹಾಗೆ ತೆಗೆದು ಕ್ಯಾಮೆರಾ ಮುಚ್ಚಿದಳು.

ಆದರೆ ನೆನಪಿಲ್ಲ ಎಂದ ತನ್ನ ಮಾತು ಅವಳನ್ನು ಬಿಡಲಿಲ್ಲ. ಎರಡು ದಿನ ಬಿಟ್ಟು ಒಂದು ಮಧ್ಯಾಹ್ನ ಸ್ಟುಡಿಯೋದಲ್ಲಿ ಹಳೆಯ ಹಾರ್ಡ್ ಡಿಸ್ಕುಗಳ ಪೆಟ್ಟಿಗೆಯನ್ನು ಎಳೆದಳು. ಅಳಿಸಲು ಬೇಸರ, ನೋಡಲು ಪುರುಸೊತ್ತಿಲ್ಲ ಎಂದು ಪೇರಿಸಿಟ್ಟ ಮದುವೆಗಳೆಲ್ಲ ಅದರಲ್ಲಿದ್ದವು. ಹುಡುಕುತ್ತ ಹೋದಂತೆ ಒಂದೇ ಕಮಾನು, ಒಂದೇ ಕೆರೆ, ಒಂದೇ ಓರೆಯಲ್ಲಿ ಬಾಗಿದ ಗಲ್ಲಗಳು. ತಾನು ಜೀವಮಾನವಿಡೀ ಒಂದೇ ಫೋಟೋ ತೆಗೆದೆನೇನೋ ಅನಿಸಿತು.

ಕೊನೆಗೆ ಸಿಕ್ಕಿತು. ಆಲ್ಬಮ್ಮಿಗೆ ಹೋದ ನಗುಮುಖಗಳ ಹಿಂದೆ, ಬೆಳಕು ಅಳೆಯಲೆಂದು ತೆಗೆದು ಬದಿಗಿಟ್ಟ ಒಂದು ಫೋಟೋ. ಎಳೆಯ ಮುಖ, ಊದಿದ ರೆಪ್ಪೆ, ಕೆಂಪಗಾದ ಮೂಗಿನ ತುದಿ. ಈ ಮುಖವನ್ನು ಫೋಟೋ ಅಕ್ಕ ಕಣ್ಣಿಗೆ ಕಣ್ಣಿಟ್ಟು ನೋಡಿದ್ದಳು. ನೋಡಿಯೂ ಬಟ್ಟೆ ಅದ್ದಲು ಹೋಗಿದ್ದಳು.

ಆಗ ಅದೇ ಫೋಟೋದ ಅಂಚಿನಲ್ಲಿ ಇನ್ನೊಂದು ಆಕೃತಿ ಕಂಡಿತು. ಅರೆ ತೆರೆದ ಬಾಗಿಲ ಬಳಿ ಒಬ್ಬಳು ನಿಂತಿದ್ದಳು. ಸಣಕಲು ದೇಹ, ಸೆರಗಿನ ತುದಿ ಬಾಯಿಗೆ ಒತ್ತಿದ್ದಾಳೆ, ಕಣ್ಣು ನೇರ ಮಗಳ ಮೇಲಿದೆ. ತಾಯಿ ಕೆಳಗೆ ನೆಂಟರ ನಡುವೆ ಇರಲಿಲ್ಲ. ಅವಳೂ ನೋಡಿದ್ದಳು. ನೋಡಿ ಸದ್ದಿಲ್ಲದೆ ಕೆಳಗಿಳಿದಿದ್ದಳು.

ಫೋಟೋ ಅಕ್ಕ ಆ ಮೂಲೆಯನ್ನು ದೊಡ್ಡದು ಮಾಡಿ ನೋಡಿದಳು. ಅವಳಿಗೆ ಆ ಹೆಂಗಸಿನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಒಬ್ಬಳು ಬಾಗಿಲಲ್ಲಿ, ಒಬ್ಬಳು ಕ್ಯಾಮೆರಾ ಹಿಂದೆ. ಇಬ್ಬರೂ ಬಾಯಿಗೆ ಬೀಗ ಹಾಕಿದವರೇ.

ಮದುವಣಗಿತ್ತಿಗೆ ಫೋನು ಮಾಡಿದಳು. "ಸಿಕ್ತು ಕಣಮ್ಮ. ನೀನು ಅತ್ತಿರೋ ಫೋಟೋ ಇದೆ. ನಾನು ನೋಡಿದ್ದು ನಿಜ. ಕೇಳಬೇಕಿತ್ತು, ಕೇಳಲಿಲ್ಲ."

ಮದುವಣಗಿತ್ತಿ, "ಕಳಿಸ್ತೀರಾ? ನನಗೇ ಒಂದೊಂದ್ಸಲ ಅನುಮಾನ ಬರುತ್ತೆ, ನಿಜವಾಗ್ಲೂ ಅತ್ತಿದ್ನಾ ಅಂತ," ಎಂದಳು. ಹಿಂದಿನಿಂದ ಯಾರೋ ಏನೋ ಕೇಳಿದರು. "ಅಮ್ಮ ಬಂದಿದ್ದಾರೆ," ಎಂದಳು. "ಅಡುಗೆಮನೆ ಜೋಡಿಸ್ತಾ ಇದ್ದಾರೆ. ನೆಮ್ಮದಿಯಾಗಿದ್ದಾರೆ ಈಗ."

"ಕಳಿಸ್ತೀನಿ," ಎಂದು ಫೋಟೋ ಅಕ್ಕ ಫೋನಿಟ್ಟಳು.

ಕಂಪ್ಯೂಟರಿನಲ್ಲಿ ಫೋಟೋದ ಅಂಚನ್ನು ಬಾಗಿಲಿನ ತನಕ ಒಳಗೆ ಸರಿಸಿದಳು. ತಾಯಿ ಮರೆಯಾದಳು. ಹೊರಗೆ ಸರಿಸಿದಳು, ತಾಯಿ ಮತ್ತೆ ಬಂದು ನಿಂತಳು. ಸತ್ಯ ಹೇಳಿದರೆ ಆ ಅಡುಗೆಮನೆಯ ನೆಮ್ಮದಿ ಹಾಳು, ಹೇಳದಿದ್ದರೆ ಇದೂ ಸುಳ್ಳು ಹೇಳುವ ಇನ್ನೊಂದು ಆಲ್ಬಮ್ಮು. ಕಡೆಗೆ ಬಾಗಿಲನ್ನು ಕತ್ತರಿಸಿ, ಹುಡುಗಿಯ ಮುಖವನ್ನಷ್ಟೇ ಉಳಿಸಿ ಕಳಿಸಿದಳು.

ಬೆನ್ನ ಹಿಂದೆ ನಿಂತು ಎಲ್ಲವನ್ನೂ ನೋಡಿದ್ದ ತಮ್ಮ, ಆ ದಿನ ಜೋಕು ಹೇಳಲಿಲ್ಲ. "ಸರಿ ಮಾಡಿದೆ ಅನ್ಸುತ್ತಾ ಅಕ್ಕ?"

"ಗೊತ್ತಿಲ್ಲ ಕಣೋ," ಎಂದಳು. "ಕೇಳಬೇಕಾದಾಗ ಕೇಳಿದ್ದರೆ ಈಗ ಕತ್ತರಿಸೋದು ಇರ್ತಿರಲಿಲ್ಲ."

ಅವನು ಕೊಟ್ಟ ಕಾಫಿ ಕುಡಿದು ಡೈರಿ ತೆರೆದಳು. ಆ ವಾರದ ಕೊನೆಗೆ ಹಳೇ ಕೋಟೆಯೊಂದರ ಮೇಲೆ ಮದುವೆಯಿತ್ತು. ಮೆಟ್ಟಿಲು ಬಹಳವಂತೆ ಎಂದು ತಮ್ಮ ಹೇಳಿದ. ಬೇಗ ಹೊರಡೋಣ, ಹುಡುಗಿಯ ಜೊತೆ ಕೂತು ಮಾತಾಡಲು ಸ್ವಲ್ಪ ಹೊತ್ತು ಬೇಕು ಎಂದಳು ಅವಳು, ಭುಜ ಒತ್ತಿಕೊಳ್ಳುತ್ತ.