ಮುಳ್ಳು ಇಳಿದ ಮೇಲೆ

ಮೊಟ್ಟೆಯಣ್ಣನ ವ್ಯಾನಿಗೆ ಇಡೀ ಬೀದಿಯಲ್ಲಿ ಒಂದೇ ಹೆಸರು: ಅಜ್ಜಿ. ಸ್ಟಾರ್ಟ್ ಮಾಡಿದರೆ ಕೆಮ್ಮುತ್ತದೆ, ಏರು ಕಂಡರೆ ಏದುಸಿರು ಬಿಡುತ್ತದೆ. ಆದರೂ ಅಂಗಡಿ ಅಂಗಡಿಗೆ ಮೊಟ್ಟೆ ಮುಟ್ಟಿಸುವ ಕೆಲಸದಲ್ಲಿ ಒಂದು ದಿನವೂ ಕೈ ಕೊಟ್ಟಿರಲಿಲ್ಲ. ಅಜ್ಜಿಯ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ಅವನಿಗೆ ಮೂಗಿನ ತುದಿಯಲ್ಲೇ ಕೋಪ.

ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ಅವನು ಒಂದು ಚೊಂಬು ನಲ್ಲಿ ನೀರು ತಂದು ರೇಡಿಯೇಟರಿಗೆ ಸುರಿಯುತ್ತಿದ್ದ. "ಅಜ್ಜಿಗೆ ಬಾಯಾರಿಕೆ ಜಾಸ್ತಿ ಕಣೇ" ಎಂದು ಹೆಂಡತಿಗೆ ಹೇಳಿ ನಗುತ್ತಿದ್ದ. ಬೀದಿಯವರ ಬಾಯಲ್ಲಿ ಅವಳು ಮೊಟ್ಟೆಯಕ್ಕ. ಅವಳೂ ನಗುತ್ತಿದ್ದಳು. ಮೊದಮೊದಲು ಅಪರೂಪಕ್ಕೆ ಇದ್ದ ಈ ಬಾಯಾರಿಕೆ ಬರಬರುತ್ತಾ ದಿನದ ಮಾತಾಯಿತು. ಅಷ್ಟು ನೀರು ಹೋಗುವುದಾದರೂ ಎಲ್ಲಿಗೆ ಎಂದು ಇಬ್ಬರಲ್ಲಿ ಒಬ್ಬರೂ ಕೇಳಿಕೊಳ್ಳಲಿಲ್ಲ. ಅಡುಗೆಮನೆಯ ಕೊಡ ಹೀಗೆ ಖಾಲಿಯಾಗಿದ್ದರೆ ಅವತ್ತೇ ತೂತು ಹುಡುಕುತ್ತಿದ್ದರು!

ಹುಡುಕುವ ಯೋಚನೆ ಮೊದಲು ಬಂದದ್ದು ಮೊಟ್ಟೆಯಕ್ಕನಿಗೇ. ವ್ಯಾನ್ ನಿಲ್ಲುವ ಜಾಗ ಗುಡಿಸುವಾಗ ನೆಲದ ಮೇಲೆ ತೆಳು ಹಸಿರಿನ ಒಂದು ಕಲೆ ಕಂಡಿತು. ಎಷ್ಟು ಉಜ್ಜಿದರೂ ಮಾರನೆಯ ದಿನ ಅದೇ ಜಾಗದಲ್ಲಿ ಮತ್ತೆ ಹಾಜರ್. ಬಗ್ಗಿ ಮೂಸಿದರೆ ಒಂಥರಾ ಸಿಹಿ ವಾಸನೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ತಮ್ಮನಿಗೆ ಫೋನ್ ಮಾಡಿದಳು.

ತಮ್ಮ ಶನಿವಾರ ಸಂಜೆ ಬಂದ. ಬಂದವನೇ, "ಭಾವ, ಒಂದು ಖಾಲಿ ಮೊಟ್ಟೆ ಟ್ರೇ ಕೊಡಿ" ಅಂದ.

"ಯಾಕಪ್ಪಾ? ನಮ್ಮ ಅಜ್ಜಿ ಮೊಟ್ಟೆ ಇಡ್ತಾಳೆ ಅಂದ್ಕೊಂಡ್ಯಾ?"

"ಇಡ್ತಾಳೋ ಇಲ್ವೋ, ಬೆಳಿಗ್ಗೆ ನೋಡೋಣ" ಎಂದು ರಟ್ಟಿನ ಟ್ರೇಯನ್ನು ಎಂಜಿನ್ನಿನ ಕೆಳಗೆ ತಳ್ಳಿ ಮಲಗಲು ಹೋದ.

ಬೆಳಿಗ್ಗೆ ಟ್ರೇಯ ಒಂದು ಮೂಲೆ ಒದ್ದೆಯಾಗಿ ಮೆತ್ತಗಾಗಿತ್ತು. "ಅಕ್ಕ, ಬೆರಳಲ್ಲಿ ಮುಟ್ಟಿ ನೋಡು. ಜಾರುತ್ತಲ್ವಾ? ಬರೀ ನೀರು ಹೀಗಿರಲ್ಲ. ಇದು ಕೂಲಂಟು, ಎಂಜಿನ್ ತಣ್ಣಗಿಡೋ ದ್ರವ. ಮುಟ್ಟಿದ ಮೇಲೆ ಕೈ ತೊಳ್ಕೋ. ನಾಲಿಗೆಗೆ ಮಾತ್ರ ಯಾವತ್ತೂ ತಾಗಿಸ್ಬೇಡ, ಸಿಹಿಯಾಗಿದ್ರೂ ವಿಷ. ನಾಯಿ ಬೆಕ್ಕು ನೆಕ್ಕಿದ್ರೂ ಸತ್ತುಹೋಗ್ತವೆ."

ಎಂಜಿನ್ ಇನ್ನೂ ತಣ್ಣಗಿತ್ತು. ಬಾನೆಟ್ ಎತ್ತಿ, ಟ್ರೇ ಒದ್ದೆಯಾದ ಜಾಗದ ನೇರಕ್ಕೆ ಟಾರ್ಚ್ ಬಿಟ್ಟ. ಒಂದು ದಪ್ಪ ರಬ್ಬರ್ ಪೈಪಿನ ತುದಿಯಲ್ಲಿ, ಕ್ಲಿಪ್ಪಿನ ಸುತ್ತ, ಬಿಳಿ ಹಸಿರು ಬಣ್ಣದ ಪುಡಿ ಗಟ್ಟಿಯಾಗಿ ಅಂಟಿಕೊಂಡಿತ್ತು. ಪೈಪನ್ನು ಒತ್ತಿದಾಗ ಸೀಳು ಬಾಯಿ ಬಿಟ್ಟಿತು. ಪಕ್ಕದ ಕೂಲಂಟ್ ಡಬ್ಬಿಯಲ್ಲಿ ಎರಡು ಗೆರೆ ಇರುತ್ತವೆ. ಎಂಜಿನ್ ತಣ್ಣಗಿರುವಾಗ ದ್ರವ ಎರಡರ ನಡುವೆ ಇರಬೇಕು. ಇಲ್ಲಿ ಕೆಳಗಿನ ಗೆರೆಯೂ ಒಣಗಿ ನಿಂತಿತ್ತು.

"ಅದಕ್ಕೇ ತಾನೇ ನಾನು ದಿನಾ ನೀರು ಹಾಕೋದು?" ಅಂದ ಮೊಟ್ಟೆಯಣ್ಣ.

"ಸೋರೋದನ್ನ ಬಿಟ್ಟು ತುಂಬಿಸ್ತಾ ಕೂತ್ರೆ ಏನು ಬಂತು ಭಾವ? ಬರೀ ನೀರು ಬೇಗ ಕುದಿಯುತ್ತೆ, ಒಳಗೆಲ್ಲ ತುಕ್ಕು ಹಿಡಿಯುತ್ತೆ. ನಾಳೆ ಸಂಜೆ ಹೊಸ ಪೈಪ್ ತರ್ತೀನಿ. ಅಲ್ಲಿವರೆಗೆ ಗಾಡಿ ತೆಗೀಬೇಡಿ. ಇನ್ನೊಂದು ಮಾತು: ಎಂಜಿನ್ ಬಿಸಿಯಾದಾಗ ರೇಡಿಯೇಟರಿನ ಮುಚ್ಚಳಕ್ಕೆ ಮಾತ್ರ ಕೈ ಹಾಕ್ಬೇಡಿ."

"ಆಯ್ತಪ್ಪಾ ದೊಡ್ಡ ಮನುಷ್ಯ. ನೀನು ಬಸ್ಸು ನೋಡೋನು. ನನ್ನ ಅಜ್ಜಿ ನನಗೆ ಗೊತ್ತಿಲ್ವಾ?" ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ.

ಸೋಮವಾರ ಅಂಗಡಿಯವರು ಮೊಟ್ಟೆಗೆ ಕಾಯುತ್ತಿದ್ದರು. ಮೊಟ್ಟೆಯಣ್ಣ ಒಂದಕ್ಕೆ ಎರಡು ಚೊಂಬು ನೀರು ಸುರಿದು, ಇನ್ನೊಂದು ಕ್ಯಾನ್ ನೀರು ಸೀಟಿನ ಹಿಂದೆ ಇಟ್ಟುಕೊಂಡು ಹೊರಟ. ಮೊಟ್ಟೆಯಕ್ಕ ಎಂದಿನಂತೆ ಪಕ್ಕದಲ್ಲಿ ಕೂತಳು. ಬೇಡ ಎನ್ನಬೇಕೆಂದುಕೊಂಡಳು, ಅನ್ನಲಿಲ್ಲ.

ಏರಿನ ಅರ್ಧ ದಾರಿಯಲ್ಲಿ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಹೋಗಿ ಕೂತಿತು. "ನಿಲ್ಲಿಸ್ರೀ" ಅಂದಳು. "ಏರು ಮುಗೀಲಿ ಸುಮ್ನಿರೇ" ಅಂದ. ಏರು ಮುಗಿಯುವ ಹೊತ್ತಿಗೆ ಮುಳ್ಳು ಸರ್ರನೆ ಕೆಳಗಿಳಿದು, ಬೆಳಿಗ್ಗೆ ಎಲ್ಲಿತ್ತೋ ಅಲ್ಲಿಗೆ ಬಂತು.

"ನೋಡಿದ್ಯಾ? ನಿನ್ನ ತಮ್ಮನಿಗೆ ಹೇಳು!"

ಅವಳಿಗೂ ಹೋದ ಜೀವ ಬಂದಂತಾಯಿತು. ಆದರೆ ಎಂಜಿನ್ ಕಟಕಟ ಅನ್ನುತ್ತಿತ್ತು, ಸುಟ್ಟ ಸಕ್ಕರೆಯ ವಾಸನೆ ಒಳಗೆ ತುಂಬಿತ್ತು. ಅವನು ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿದ.

"ರೀ, ಮುಚ್ಚಳ ಮುಟ್ಟಬೇಡಿ ಅಂದಿದ್ದ ಅವನು."

"ಬಿಸಿ ಇದ್ದಾಗ ಅಂದ. ಮುಳ್ಳು ಕೆಳಗಿದೆ ಅಂದ್ರೆ ತಣ್ಣಗಾಗಿದೆ ಅಂತ ತಾನೇ? ಬಟ್ಟೆ ಕೊಡು."

ಮೊಟ್ಟೆ ಒರೆಸುವ ಬಟ್ಟೆಯನ್ನು ಅವಳೇ ಅವನ ಕೈಗಿತ್ತಳು.

ಮುಚ್ಚಳ ಅರ್ಧ ತಿರುಗುವಷ್ಟರಲ್ಲಿ ಸಿಡಿಯಿತು. ಕುದಿಯುವ ನೀರೂ ಹಬೆಯೂ ಅವನ ಮುಖಕ್ಕೇ ಹೊಡೆದವು. ಆ ಕೂಗನ್ನು ಅವಳು ಸಾಯುವವರೆಗೆ ಮರೆಯುವುದಿಲ್ಲ. ಸೀಟಿನ ಹಿಂದೆ ಎಂಜಿನ್ನಿಗೆಂದು ಇಟ್ಟಿದ್ದ ನೀರನ್ನು ಅವಳು ಗಂಡನ ಮುಖದ ಮೇಲೆ, ಕಣ್ಣಿನ ಮೇಲೆ ಬಿಡದೆ ಸುರಿದಳು. ದಾರಿಯಲ್ಲಿ ಬರುತ್ತಿದ್ದ ಲಾರಿಯವನು ಇಬ್ಬರನ್ನೂ ಹತ್ತಿಸಿಕೊಂಡು ಆಸ್ಪತ್ರೆಗೆ ಮುಟ್ಟಿಸಿದ.

"ಕೂಡಲೇ ತಣ್ಣೀರು ಸುರಿದದ್ದು ಒಳ್ಳೇದಾಯ್ತಮ್ಮ, ಮುಖ ಇಷ್ಟಾದ್ರೂ ಉಳೀತು" ಅಂದರು ಡಾಕ್ಟರು. ಕಣ್ಣಿನ ಮಾತಿಗೆ ಬಂದಾಗ ದನಿ ಇಳಿಸಿದರು. ಒಂದು ಪೂರ್ತಿ ಹೋಗಿತ್ತು. ಇನ್ನೊಂದರಲ್ಲಿ ಬೆಳಕು ಯಾವುದು, ನೆರಳು ಯಾವುದು ಎಂದು ತಿಳಿದರೆ ಅದೇ ಹೆಚ್ಚು.

ತಮ್ಮ ಬಂದು ಹಾಸಿಗೆಯ ಪಕ್ಕ ಕೂತ. ಮುಖಕ್ಕೆಲ್ಲ ಬ್ಯಾಂಡೇಜು ಸುತ್ತಿದ್ದ ಮೊಟ್ಟೆಯಣ್ಣ ಕೇಳಿದ್ದು ಒಂದೇ ಪ್ರಶ್ನೆ. "ಹಾಗಾದ್ರೆ ಮುಳ್ಳು ಯಾಕೆ ಇಳೀತೋ?"

"ಆ ಮುಳ್ಳು ತೋರಿಸೋದು ನೀರಿನ ಬಿಸೀನ, ಭಾವ. ಸೋರಿ ಸೋರಿ ನೀರು ಕೆಳಗಿಳಿದಾಗ ಎಂಜಿನ್ನಿನಲ್ಲಿರೋ ಅದರ ಸೆನ್ಸರಿಗೆ ತಾಗೋಕೆ ನೀರೇ ಇರಲ್ಲ. ಆಗ ಮುಳ್ಳು ಸುಮ್ನೆ ಕೆಳಗೆ ಬಿದ್ದುಬಿಡುತ್ತೆ. ಎಂಜಿನ್ ಆಗಲೇ ಎಲ್ಲಕ್ಕಿಂತ ಹೆಚ್ಚು ಕಾದಿರೋದು. ತಳದಲ್ಲಿ ಉಳಿದ ನೀರು ಕುದಿದು ಹಬೆಯಾಗಿ ಮುಚ್ಚಳವನ್ನ ಒತ್ತುತ್ತಿರುತ್ತೆ." ಹಾಗಂದವನೇ, "ಅವತ್ತೇ ಇದನ್ನೂ ಹೇಳ್ಬೇಕಿತ್ತು ನಾನು" ಎಂದು ಅತ್ತುಬಿಟ್ಟ.

ತಮ್ಮ ಎಂಜಿನ್ ಬಿಚ್ಚಿ ಸರಿ ಮಾಡಿದ, ಪೈಪುಗಳನ್ನೆಲ್ಲ ಹೊಸದು ಹಾಕಿದ, ಸರಿಯಾದ ಕೂಲಂಟ್ ತುಂಬಿಸಿದ. ಓಡಿಸುವವರು ಯಾರು? ಮೊಟ್ಟೆಯಕ್ಕ ಕಲಿತಳು. ಗೇರು ಹಾಕುವಾಗ ಅಜ್ಜಿ ಕಿರುಚಿದರೆ ಬೀದಿಯವರು ನಗುತ್ತಿದ್ದರು. ಅವಳು ತಲೆ ಕೆಡಿಸಿಕೊಳ್ಳದೆ ಲೈಸೆನ್ಸ್ ತೆಗೆದೇ ಬಿಟ್ಟಳು.

ಈಗ ಆ ಮನೆಯಲ್ಲಿ ಸಂಜೆ ಗಾಡಿ ನಿಲ್ಲಿಸಿದ ಕೂಡಲೇ ಕೆಳಗೊಂದು ಟ್ರೇ ಇಡುತ್ತಾರೆ. ಬೆಳಿಗ್ಗೆ ಅದು ಮೊಟ್ಟೆಯಣ್ಣನ ತೊಡೆಯ ಮೇಲಿರುತ್ತದೆ. ಒಂದೊಂದು ಗುಳಿಯನ್ನೂ ಬೆರಳಿನಿಂದ ತಡವುತ್ತಾನೆ, ಮೂಸುತ್ತಾನೆ. "ಒಣಗಿದೆ. ಹೋಗಿ ಬಾ" ಅಂದ ಮೇಲೆಯೇ ಗಾಡಿ ಹೊರಡುವುದು.

ಒಂದು ಬೆಳಿಗ್ಗೆ ಅವನ ಬೆರಳು ಒಂದು ಗುಳಿಯಲ್ಲಿ ನಿಂತಿತು. "ಒದ್ದೆ."

ಮೊಟ್ಟೆ ಎಲ್ಲ ತುಂಬಿಯಾಗಿತ್ತು. ಅಂಗಡಿಯವರ ಫೋನು ಬರುತ್ತಲೇ ಇತ್ತು. "ಒಂದು ತೊಟ್ಟು ಕಣ್ರೀ. ಒಂದು ಚೊಂಬು ನೀರು ಹಾಕ್ಕೊಂಡು ಬೇಗ ಹೋಗಿ ಬಂದ್ಬಿಡ್ತೀನಿ. ಸಂಜೆ ತಮ್ಮನಿಗೆ ಹೇಳಿದ್ರಾಯ್ತು" ಅಂದಳು.

ಅವನು ಅವಳ ದನಿ ಬಂದ ಕಡೆಗೆ ಸುಟ್ಟ ಮುಖ ಎತ್ತಿ ಕೈ ಚಾಚಿದ.

"ಕೀ ಕೊಡು."

ಅವಳು ಕೀಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ಕೊಡೇ. ಇಬ್ಬರಲ್ಲಿ ಒಬ್ಬರಿಗಾದ್ರೂ ಕಣ್ಣು ಬೇಕು."

ಅವಳು ಕೀಯನ್ನು ಅವನ ಅಂಗೈಯಲ್ಲಿಟ್ಟು ತಮ್ಮನಿಗೆ ಫೋನ್ ಮಾಡಿದಳು. ಅವತ್ತು ಯಾವ ಅಂಗಡಿಗೂ ಮೊಟ್ಟೆ ಹೋಗಲಿಲ್ಲ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಹಳೇ ಗಾಡಿ ಇದೆಯೇ? ಅದು ಪದೇ ಪದೇ ನೀರು ಕೇಳುತ್ತಿದೆಯೇ? ಹಾಗಾದರೆ ಅದು ಎಲ್ಲೋ ಸೋರುತ್ತಿದೆ. ಇವತ್ತು ಸಂಜೆ ಗಾಡಿಯ ಕೆಳಗೆ ಒಂದು ರಟ್ಟು ಹಾಸಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಡಬ್ಬಿಯ ಗೆರೆ ನೋಡಿ, ಪೈಪಿನ ತುದಿಗಳನ್ನು ನೋಡಿ. ರಟ್ಟು ಒಣಗಿದ್ದೂ ದ್ರವ ಇಳಿಯುತ್ತಿದ್ದರೆ, ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ, ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಸೋರಿಕೆ ಎಂಜಿನ್ನಿನ ಒಳಗೇ ಇದೆ ಎಂದು ಅನುಮಾನಿಸಿ. ಅದನ್ನು ಮೆಕ್ಯಾನಿಕ್ ನೋಡುವವರೆಗೆ ಗಾಡಿ ತೆಗೆಯಬೇಡಿ. ದಾರಿಯಲ್ಲಿ ಮುಳ್ಳು ಏರಿದರೆ ಬದಿಗೆ ನಿಲ್ಲಿಸಿ, ಆಫ್ ಮಾಡಿ, ದೂರ ನಿಂತು ಕಾಯಿರಿ. ಏರಿದ ಮುಳ್ಳು ಸಟ್ಟನೆ ಇಳಿದರೆ ನಂಬಬೇಡಿ. ಎಂಜಿನ್ ಪೂರ್ತಿ ಆರುವವರೆಗೆ ಮುಚ್ಚಳ ಮುಟ್ಟಲೇಬೇಡಿ. ತಡವಾದರೆ ಅಂಗಡಿಯವರು ನಾಲ್ಕು ಮಾತು ಅಂದಾರು, ಅನ್ನಲಿ ಬಿಡಿ. ನಿಮ್ಮ ಕಣ್ಣಿಗೆ ಬದಲಿ ಕಣ್ಣು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.