ಹಾಗೆಲ್ಲ ರಿಜೆಕ್ಟ್ ಎನ್ನದ ಸುಂಕಮ್ಮ

ಸುಂಕಮ್ಮ ಮನುಷ್ಯರ ಮುಖಕ್ಕಿಂತ ಮೊದಲು ಅವರ ಪ್ಯಾಂಟಿನ ಹೊಲಿಗೆ ನೋಡುತ್ತಾಳೆ. "ಸಾರ್, ಬಲಗಾಲಿನ ಅಂಚು ಬಿಚ್ಚೈತ್ರಿ" ಎಂಬುದೇ ಆಕೆ ನನ್ನೊಡನೆ ಆಡಿದ ಮೊದಲ ಮಾತು. ಕುರುಗೋಡಿನ ಮೊದಲ ಬಸ್ಸಿಗೆ ಬಳ್ಳಾರಿಗೆ ಬಂದಿಳಿದು, ಕೊರಳ ತಾಳಿಯ ಜೊತೆಗೇ ದಾರ ಕತ್ತರಿಸುವ ಪುಟ್ಟ ಕತ್ತರಿಯನ್ನೂ ನೇತುಹಾಕಿಕೊಂಡು, ಎಡಗಾಲನ್ನು ತುಸು ಎಳೆಯುತ್ತಲೇ ಎಲ್ಲರಿಗಿಂತ ಮುಂದೆ ನಡೆಯುವ ಈಕೆ, ಇಪ್ಪತ್ತೆರಡು ವರ್ಷಗಳಿಂದ ಒಂದು ಜೀನ್ಸ್ ಕಾರ್ಖಾನೆಯ ಚೆಕ್ಕಿಂಗ್ ಮೇಜಿನ ಅಧಿದೇವತೆ. ಹೊಲಿದು ಬಂದ ಪ್ರತಿ ಪ್ಯಾಂಟೂ ಆಕೆಯ ಬೆರಳಡಿ ಹಾದೇ ಹೋಗಬೇಕು.

ಇಂಗ್ಲಿಷಿನಲ್ಲಿ ನಪಾಸಾಗಿ ಶಾಲೆ ಬಿಟ್ಟವಳು. ಆದರೆ ಆ ಭಾಷೆಯ ಎರಡು ಪದಗಳ ಅಂತರವನ್ನು ಇಷ್ಟು ಸೂಕ್ಷ್ಮವಾಗಿ ಬಲ್ಲವರನ್ನು ನಾನು ಕಾಲೇಜುಗಳಲ್ಲೂ ಕಂಡಿಲ್ಲ. ಒಂದು ರಿಪೇರಿ, ಇನ್ನೊಂದು ರಿಜೆಕ್ಟ್. "ಬಟ್ಟಿ ಹರಿದ್ರ ರಿಜೆಕ್ಟ್, ಹೊಲಿಗಿ ತಪ್ಪಿದ್ರ ರಿಪೇರಿ. ರಿಜೆಕ್ಟ್ ಅನ್ನಾಕ ಬಾಯಿ ಸಾಕು, ರಿಪೇರಿ ಅನ್ನಾಕ ಕಣ್ಣು ಬೇಕು" ಎಂಬುದು ಆಕೆಯ ವ್ಯಾಖ್ಯಾನ.

ಹೋದ ವರ್ಷ ಒಂದು ಬೆಳಿಗ್ಗೆ ನೋಡಿದರೆ ಇನ್ನೂರು ಪ್ಯಾಂಟುಗಳ ಎಡಗಡೆಯ ಹಿಂಜೇಬು ಅರ್ಧ ಬೆರಳು ಕೆಳಗಿಳಿದಿತ್ತು. ಹೊಲಿದವಳು ಬಾದನಹಟ್ಟಿಯಿಂದ ಬಂದು ಆಗಷ್ಟೇ ಕೆಲಸಕ್ಕೆ ಸೇರಿದ್ದ ಮೀನಾ. ಮೇಲ್ವಿಚಾರಕ ಜಂಬುನಾಥ, "ಮಾಲೂ ರಿಜೆಕ್ಟ್, ಈಕೀನೂ ರಿಜೆಕ್ಟ್. ನಾಳಿಯಿಂದ ಬರಬ್ಯಾಡ" ಎಂದುಬಿಟ್ಟ. ಹುಡುಗಿ ಅಳುತ್ತ ಬುತ್ತಿಚೀಲ ಎತ್ತಿಕೊಂಡಳು.

"ತಡೀರಿ, ತಡೀರಿ" ಎಂದಳು ಸುಂಕಮ್ಮ. ಎಲ್ಲರೂ ನೋಡಿ ಹೊಲಿಯಲೆಂದು ತೂಗುಹಾಕಿದ್ದ ಮಾದರಿ ಪ್ಯಾಂಟನ್ನು ಇಳಿಸಿ ಅಳೆದಳು. ಅದರ ಜೇಬೂ ಅಷ್ಟೇ ಕೆಳಗಿತ್ತು. ಹಿಂದಿನ ದಿನ ಅದನ್ನು ಪರೀಕ್ಷಿಸಿ, ಸರಿಯೆಂದು ಸೀಮೆಸುಣ್ಣದ ಗೀಟೆಳೆದವಳು ಸ್ವತಃ ಸುಂಕಮ್ಮ. ಸುಮ್ಮನಿದ್ದಿದ್ದರೆ ಇಪ್ಪತ್ತೆರಡು ವರ್ಷದ ಹೆಸರಿಗೆ ಕೂದಲೆಳೆಯಷ್ಟೂ ಕುಂದು ಬರುತ್ತಿರಲಿಲ್ಲ.

"ಕೂಸು ಮಾದರಿ ನೋಡಿ ಸರಿಯಾಗೇ ಹೊಲಿದೈತಿ. ತಪ್ಪಿದ್ದು ನನ್ನ ಕಣ್ಣು. ರಿಜೆಕ್ಟ್ ಮಾಡೋದಿದ್ರ ನನ್ನ ಮಾಡ್ರಿ!" ಸಾಲಿನ ಯಂತ್ರಗಳೆಲ್ಲ ನಿಲ್ಲುವಷ್ಟು ಗಟ್ಟಿಯಾಗಿ ಹೇಳಿ, ಕೊರಳ ಕತ್ತರಿ ತೆಗೆದು ಮೇಜಿನ ಮೇಲಿಟ್ಟಳು.

ಜಂಬುನಾಥ ಆ ಕತ್ತರಿಯನ್ನು ಆಕೆಯ ಕಡೆಗೇ ಸರಿಸಿದ. "ಹಂಗಾರ ಏನ್ ಮಾಡೋದಕ್ಕಾ?"

"ಬಿಚ್ಚಿ ಹಚ್ಚೋದು."

ಎರಡು ದಿನ ಆಕೆ ಜೇಬು ಬಿಚ್ಚುತ್ತ ಹೋದಳು, ಪಕ್ಕದಲ್ಲಿ ಕೂತ ಮೀನಾ ಸರಿಯಾದ ಜಾಗಕ್ಕೆ ಹಚ್ಚುತ್ತ ಹೋದಳು. ಇನ್ನೂರೂ ಲಾರಿ ಏರಿದವು, ಮೀನಾ ಉಳಿದಳು.

ಪರರ ತಪ್ಪು ಹಿಡಿಯುವ ಕೆಲಸದಲ್ಲಿ ಇರುವವರು ಲೋಕದ ತುಂಬ ಇದ್ದಾರೆ. ಆ ಅಳತೆಗೋಲಿಗೆ ತಮ್ಮನ್ನೂ ಒಡ್ಡಿಕೊಂಡು, ತಮ್ಮ ಹೆಸರು ಹೋದರೂ ಸರಿ ಇನ್ನೊಬ್ಬರ ಅನ್ನ ಹೋಗಬಾರದು ಎನ್ನುವವರು ಬಹಳ ವಿರಳ. ಅಂಥವರು ನನ್ನ ಊರಿನಲ್ಲಿದ್ದಾರೆಂಬ ಒಂದೇ ಕಾರಣಕ್ಕೆ, ಬಳ್ಳಾರಿಯವನು ಎಂದು ಹೇಳಿಕೊಳ್ಳುವಾಗ ನನ್ನ ಎದೆ ಉಬ್ಬುತ್ತದೆ.